ಊಟದ ಮೇಜಿನ ಬಂದರು

‘ಕಟಿ ಸಾರ್ಕ್ ಬಂತು ಕಣೋ’ ಎಂದು ಫೋನಿನಲ್ಲಿ ಹೇಳಿದ್ದೇ ತಡ, ನನ್ನ ಭಾವಮೈದುನ ಕಾಂಗ್ರೆಸ್ ಕಡಲೆಬೀಜದ ಪೊಟ್ಟಣ ಹಿಡಿದು ಹಾಜರಾದ. ಆ ಹೆಸರಿನ ವಿಸ್ಕಿಯ ಹಳದಿ ಚೀಟಿಯ ಮೇಲಿನ ಹಾಯಿಹಡಗನ್ನು ಅವನು ಚೆನ್ನಾಗಿ ಬಲ್ಲ. ಹಡಗು ಮೊದಲು ಹುಟ್ಟಿತು, ಬಾಟಲಿ ಆಮೇಲೆ ಎಂಬ ವಂಶಾವಳಿ ಮಾತ್ರ ಅವನಿಗೆ ಗೊತ್ತಿರಲಿಲ್ಲ. ಮೇಜಿನ ಮೇಲಿದ್ದ ಉದ್ದನೆಯ ರಟ್ಟಿನ ಡಬ್ಬವನ್ನು ತೆರೆದು ತೋರಿಸಿದೆ. ಕಟ್ಟುಕಟ್ಟು ಮರದ ಪಟ್ಟಿ, ಪ್ಲೈವುಡ್ ಹಾಳೆ, ದಾರದ ಉಂಡೆ, ಹಿತ್ತಾಳೆ ಚೂರುಗಳ ಡಬ್ಬಿ, ಮಡಿಸಿಟ್ಟ ನಕ್ಷೆಗಳು. ಅವನು ಒಂದೊಂದನ್ನೂ ಎತ್ತಿ ಪಕ್ಕಕ್ಕಿಟ್ಟು, ಡಬ್ಬದ ತಳ ಕಂಡ ಮೇಲೆ, ‘ಬಾಟ್ಲಿ ಎಲ್ಲಿ ಭಾವ?’ ಎಂದ. ಇಲ್ಲವೆಂದೆ. ಕಡಲೆಬೀಜವನ್ನು ತಾನೊಬ್ಬನೇ ತಿಂದು ಎದ್ದುಹೋದ.

ಇಟಲಿಯಿಂದ ಬಂದ ಆ ಡಬ್ಬಕ್ಕೆ ಆಟಿಕೆಯ ಸುಂಕ ಬಿದ್ದಿತ್ತು. ನಮ್ಮ ದೇಶದಲ್ಲಿ ಹೊರಗಿನಿಂದ ಬರುವ ಆಟಿಕೆಗೆ 2023ರಿಂದ ಶೇಕಡಾ 70 ಸುಂಕ. ಪುಟ್ಟ ಮಾದರಿ ಹಡಗುಗಳೂ ಗೊಂಬೆ, ಗಾಡಿಗಳ ಪಂಕ್ತಿಯಲ್ಲೇ ಕೂರುತ್ತವೆ. ರಸೀದಿ ನೋಡಿದ ಹೆಂಡತಿ, ‘ಸರ್ಕಾರಕ್ಕೂ ಗೊತ್ತಾಗಿದೆ ನೋಡಿ’ ಎಂದಷ್ಟೇ ಹೇಳಿ ಒಳಗೆ ಹೋದಳು.

ಕಟಿ ಸಾರ್ಕ್ ಆತುರಕ್ಕೆಂದೇ ಹುಟ್ಟಿದ ಹಡಗು. ಚೀನಾದ ಹೊಸ ಬೆಳೆಯ ಚಹಾ ಯಾರ ಹಡಗಿನಲ್ಲಿ ಮೊದಲು ಲಂಡನ್ ಮುಟ್ಟುತ್ತದೋ ಆ ಸರಕಿಗೆ ಒಳ್ಳೆಯ ಬೆಲೆ. ಅದಕ್ಕಾಗಿ ಹಡಗುಗಳು ವರ್ಷ ವರ್ಷವೂ ಪಂದ್ಯಕ್ಕೆ ಬಿದ್ದು ಅರ್ಧ ಭೂಮಿ ಸುತ್ತಿ ಓಡುತ್ತಿದ್ದವು, ದಡದ ಮೇಲಿದ್ದವರು ಬಾಜಿ ಕಟ್ಟುತ್ತಿದ್ದರು. ಕಾಫಿ ಕುಡಿಯುವ ಮನೆತನದಲ್ಲಿ ಹುಟ್ಟಿದ ನನಗೆ ಚಹಾಕ್ಕಾಗಿ ಇಷ್ಟು ಓಟವೇಕೆಂಬುದು ಇವತ್ತಿಗೂ ಅರ್ಥವಾಗಿಲ್ಲ. ಇರಲಿ. ಜಾನ್ ವಿಲ್ಲಿಸ್ ಎಂಬ ಮಾಲೀಕ ಎಲ್ಲರನ್ನೂ ಹಿಂದೆ ಹಾಕುವ ಹಟದಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಇದನ್ನು ಕಟ್ಟಿಸಿದ. ಕಬ್ಬಿಣದ ಪಕ್ಕೆಲುಬು, ಅದರ ಮೇಲೆ ತೇಗ ಮತ್ತು ಎಲ್ಮ್ ಮರದ ಹಲಗೆ. 1869ರ ನವೆಂಬರ್ 22ರಂದು ಹಡಗು ನೀರಿಗಿಳಿಯಿತು. ಅದಕ್ಕೆ ಐದು ದಿನ ಮುಂಚೆ, ನವೆಂಬರ್ 17ಕ್ಕೆ, ಸೂಯೆಜ್ ಕಾಲುವೆ ತೆರೆದಿತ್ತು! ಹಾಯಿಹಡಗಿಗೆ ಒಗ್ಗದ ಆ ದಾರಿಯಲ್ಲಿ ಹೊಗೆಹಡಗುಗಳು ನುಗ್ಗಿ, ಆಫ್ರಿಕಾ ಸುತ್ತುವ ಗೋಜಿಲ್ಲದೆ ಚಹಾ ಸಾಗಿಸತೊಡಗಿದವು. ಊರಿಗೆ ರೈಲು ಬಂದ ವಾರವೇ ಸಾಲ ಮಾಡಿ ಟಾಂಗಾ ಕೊಂಡವನ ಪಾಡಾಯಿತು ವಿಲ್ಲಿಸನದು.

ಕಟ್ಟಿದವರ ಪಾಡು ಇನ್ನೂ ಚೆಂದ. ಸ್ಕಾಟ್ ಆ್ಯಂಡ್ ಲಿಂಟನ್ ಎಂಬ ಪುಟ್ಟ ಕಂಪನಿ ಟನ್ನಿಗೆ 17 ಪೌಂಡ್ ಎಂದು ಗುತ್ತಿಗೆ ಒಪ್ಪಿಕೊಂಡು, ಕೆಲಸ ಮುಗಿಯುವ ಮುನ್ನವೇ ಕೈಯಲ್ಲಿ ಕಾಸಿಲ್ಲದೆ ಕೂತಿತು. ಉಳಿದದ್ದನ್ನು ಬೇರೆ ಕಂಪನಿಯವರು ಮುಗಿಸಿಕೊಟ್ಟರು. ಈ ಹಡಗಿಗೆ ಕೈ ಹಾಕಿದವರ ಜೇಬಿಗೆ ಗ್ರಹಚಾರ ತಪ್ಪಿದ್ದಲ್ಲ ಎಂಬ ಸಂಗತಿಯನ್ನು ಡಬ್ಬದ ಮೇಲೆ ಯಾರೂ ಅಚ್ಚು ಹಾಕಿಸುವುದಿಲ್ಲ.

ಏನೇ ಆಗಲಿ, ಗುತ್ತಿಗೆಗೆ ಸಹಿ ಬಿದ್ದದ್ದು ಆ ವರ್ಷದ ಫೆಬ್ರವರಿಯಲ್ಲಿ. ಹತ್ತು ತಿಂಗಳು ತುಂಬುವುದರೊಳಗೆ 212 ಅಡಿಯ ಮೈ ನೀರಿನಲ್ಲಿತ್ತು. ನನ್ನದು ಅದರ 84ರಲ್ಲೊಂದು ಪಾಲು. ಬ್ಯಾಂಕಿನಲ್ಲಿರುವ ಭಾವಮೈದುನ ಕೂತಲ್ಲೇ ತ್ರೈರಾಶಿ ಹಾಕಿ, ‘ಹಾಗಾದ್ರೆ ನಾಲ್ಕು ದಿನದ ಕೆಲಸ ಭಾವ’ ಎಂದು ತೀರ್ಪು ಕೊಟ್ಟ. ಅವರ ಬ್ಯಾಂಕಿನಲ್ಲಿ ಸಾಲದ ಅರ್ಜಿ ಎಷ್ಟು ದಿನದಲ್ಲಿ ಮಂಜೂರಾಗುತ್ತದೆ ಎಂದು ನಾನು ಕೇಳಲಿಲ್ಲ. ನೆಂಟಸ್ತಿಕೆ ಉಳಿಯಬೇಕಲ್ಲ.

ಈ ಡಬ್ಬದ ಕೈಪಿಡಿ ಬರೆದವನು ಮಹಾ ಮಿತಭಾಷಿ. ಮೊದಲು ಬೆನ್ನೆಲುಬಿನಂಥ ಪ್ಲೈವುಡ್ ಹಲಗೆ, ಅದರ ಕಚ್ಚುಗಳಿಗೆ ಅಡ್ಡಡ್ಡ ಸಿಕ್ಕಿಸಿದ ಪಕ್ಕೆಲುಬುಗಳು. ಅಷ್ಟರಲ್ಲಿ ಒಣಗಿದ ಮೀನಿನ ಮುಳ್ಳು ಕೈಗೆ ಬಂದಿರುತ್ತದೆ. ಆಮೇಲೆ ಅವನದು ಒಂದೇ ವಾಕ್ಯ: ‘ಈಗ ಮೈಗೆ ಪಟ್ಟಿಗಳನ್ನು ಹಚ್ಚಿ.’ ಆ ಒಂದು ವಾಕ್ಯವನ್ನು ಮಾಡಿ ಮುಗಿಸುವಷ್ಟರಲ್ಲಿ ನಮ್ಮ ಮನೆಯಲ್ಲಿ ಯುಗಾದಿ ಹೋಗಿ ಗಣಪತಿ ಹಬ್ಬ ಬಂತು. ಹಡಗಿನ ಹೊಟ್ಟೆಯ ಸುತ್ತಳತೆ ಹೆಚ್ಚು, ಮೂತಿಯದು ಕಡಿಮೆ. ಪಟ್ಟಿ ಮಾತ್ರ ತುದಿಯಿಂದ ತುದಿಗೆ ಒಂದೇ ಅಗಲ. ಹಾಗಾಗಿ ಪ್ರತಿಯೊಂದು ಪಟ್ಟಿಯ ತುದಿಯನ್ನೂ ಅಳೆದು, ಹೆರೆದು, ಹೊಂದಿಸಬೇಕು. ಒಳಗೆ ಮೆತ್ತನೆಯ ಬಿಳಿ ಮರದ ಒಂದು ಪದರ, ಅದರ ಮೇಲೆ ತೆಳ್ಳನೆಯ ವಾಲ್ನಟ್ ಮರದ ಇನ್ನೊಂದು. ಒಳಗಿನದು ಹೇಗಿದ್ದರೂ ನಡೆಯುತ್ತದೆ, ಮೇಲೆ ಮುಚ್ಚಿಹೋಗುತ್ತದೆ ಎಂದು ಹೇಳುವವರಿದ್ದಾರೆ. ಅವರ ಮಾತು ನಂಬಬೇಡಿ. ಒಳಪದರದ ಉಬ್ಬುತಗ್ಗನ್ನೆಲ್ಲ ಹೊರಪದರ ನೆಂಟರ ಎದುರು ಹೇಳಿಯೇ ತೀರುತ್ತದೆ. ಉಪ್ಪುಕಾಗದ ಹಿಡಿದು ಉಜ್ಜುವುದೊಂದೇ ದಾರಿ. ಉಜ್ಜಿದ ಪುಡಿ ಮೊಸರಿನ ಪಾತ್ರೆಯವರೆಗೂ ಹೋಗುತ್ತದೆ ಎಂಬುದು ಮನೆಯವರ ತಕರಾರು.

ಮೂತಿಯ ಬಳಿ ಪಟ್ಟಿ ಬಿಲ್ಲಿನ ಹಾಗೆ ಬಾಗಬೇಕು. ಒಣ ಪಟ್ಟಿ ಬಾಗುವುದಿಲ್ಲ, ಮುರಿಯುತ್ತದೆ. ಅದಕ್ಕೆ ಆವಿ ಬೇಕು. ಮನೆಯಲ್ಲಿ ಒಳ್ಳೆಯ ಆವಿ ಎಲ್ಲಿ ಸಿಗುತ್ತದೆ ಎಂದು ಬೇರೆ ಹೇಳಬೇಕೆ? ಭಾನುವಾರ ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳದ ಸಂದಿಯಿಂದ ಮರದ ಪಟ್ಟಿಗಳು ಮೂತಿ ಹೊರಗಿಟ್ಟುಕೊಂಡು ಬೇಯುತ್ತಿದ್ದವು. ಹದಕ್ಕೆ ಬಂದದ್ದನ್ನು ಎತ್ತಿ ಎರಡು ಹೆಬ್ಬೆರಳಿನ ನಡುವೆ ಒತ್ತಿದರೆ ಹೇಳಿದ ಮಾತು ಕೇಳುತ್ತದೆ. ಫೋನ್ ರಿಂಗಾಯಿತೆಂದು ಅತ್ತ ತಿರುಗಿದರೆ ಮುಗಿಯಿತು, ಮತ್ತೆ ಸೆಟೆದುಕೊಂಡಿರುತ್ತದೆ. ಹೆಂಡತಿ ಬಂದು ಮುಚ್ಚಳ ಎತ್ತಿ ನೋಡಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದಕ್ಕೆ ಚಟ್ನಿ ಯಾವುದು ಮಾಡ್ಲಿ ರೀ?’ ಎಂದು ಕೇಳಿದಳು.

ಬಾಗಿಸಿದ್ದು ಫೆವಿಕಾಲ್ ಹಿಡಿಯುವವರೆಗೆ ಅಲುಗದಂತೆ ಕಚ್ಚಿಹಿಡಿಯಲು ಬಟ್ಟೆ ಕ್ಲಿಪ್ಪಿನಷ್ಟು ಒಳ್ಳೆಯ ಸಾಧನ ಲೋಕದಲ್ಲಿ ಇನ್ನೊಂದಿಲ್ಲ. ಹಡಗಿನ ಮೈತುಂಬ ನೀಲಿ, ಗುಲಾಬಿ, ಹಸಿರು ಕ್ಲಿಪ್ಪುಗಳು ಮುಳ್ಳುಹಂದಿ ಎದ್ದು ನಿಂತಂತೆ ಕೂತಿದ್ದವು. ಆಷಾಢದ ಗಾಳಿಯ ದಿನಗಳು ಬೇರೆ. ಮಹಡಿಯ ಮೇಲೆ ಒಣಹಾಕಿದ್ದ ನನ್ನ ಬನಿಯನ್ನು ಪಕ್ಕದ ಮನೆಯವರ ದಾಸವಾಳದ ಗಿಡದ ಮೇಲೆ ಪೂರ್ತಿ ಹಾಯಿ ಬಿಚ್ಚಿ ನಿಂತಿತ್ತು. ನಮ್ಮ ಮನೆಯಲ್ಲಿ ನಿಜವಾಗಿ ಗಾಳಿ ಹಿಡಿದು ಸಾಗಿದ ಹಾಯಿ ಅದೊಂದೇ.

ಈ ಕೆಲಸದಲ್ಲಿ ಮನುಷ್ಯನ ಆಯಸ್ಸಿನ ಒಂದು ಪಾಲು ನೆಲದ ಮೇಲೆ ಕಳೆಯುತ್ತದೆ. ಹಗ್ಗ ಹಾಯುವ ಮರದ ರಾಟೆಗಳು ಇಲ್ಲಿ ಮೂರು ಮಿಲಿಮೀಟರ್ ಗಾತ್ರದವು. ಮಧ್ಯೆ ದಾರ ತೂರುವಷ್ಟು ತೂತು. ಚಿಮುಟದ ತುದಿಯಿಂದ ಒಮ್ಮೆ ಹಾರಿತೋ, ಅದನ್ನು ಕಣ್ಣಿನಿಂದ ಹುಡುಕಲಾಗದು. ದೀಪ ಆರಿಸಿ, ಮಂಡಿಯೂರಿ, ಟಾರ್ಚನ್ನು ನೆಲಕ್ಕೆ ಮಲಗಿಸಿ ಬೆಳಕು ಬಿಡಬೇಕು. ಆಗ ಪ್ರತಿ ಕಣಕ್ಕೂ ಉದ್ದನೆಯ ನೆರಳು ಬೀಳುತ್ತದೆ. ರವೆ ಕಾಣುತ್ತದೆ, ಸಾಸಿವೆ ಕಾಣುತ್ತದೆ, ಯಾವುದೋ ಕಾಲದಲ್ಲಿ ಕಳೆದ ಓಲೆಯ ತಿರುಪು ಕಾಣುತ್ತದೆ. ರಾಟೆ ಮಾತ್ರ ಕಾಣುವುದಿಲ್ಲ. ನನ್ನದೊಂದು ಸಿಕ್ಕಿದ್ದು ಭಾವಮೈದುನನ ಬಾಯಲ್ಲಿ. ಖಾರ ಪೊಂಗಲ್ ತಿನ್ನುತ್ತ, ಮೆಣಸಿನ ಕಾಳೆಂದು ಕಚ್ಚಿ, ‘ಅಕ್ಕಾ, ಮೆಣಸು ಹಳೇದು’ ಎಂದ. ತೊಳೆದು ಒರೆಸಿದೆ, ಹಲ್ಲಿನ ಗುರುತು ಬಿದ್ದಿದ್ದರೂ ತೂತು ಸರಿಯಾಗಿತ್ತು. ಅದೀಗ ಮುಂಭಾಗದ ಕೂವೆಯ, ಅಂದರೆ ಹಾಯಿಕಂಬದ, ಎರಡನೇ ಅಡ್ಡಮರದಲ್ಲಿದೆ.

ಭಾವಮೈದುನನ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೆ ಒಂದು ಇತಿಹಾಸವನ್ನೂ ಹೇಳಬೇಕು. 1872ರಲ್ಲಿ ಕಟಿ ಸಾರ್ಕ್ ಮತ್ತು ಅದರ ಬದ್ಧ ಎದುರಾಳಿ ಥರ್ಮೋಪಿಲಿ ಒಟ್ಟೊಟ್ಟಿಗೆ ಶಾಂಘೈ ಬಿಟ್ಟವು. ಹಿಂದೂ ಮಹಾಸಾಗರದಲ್ಲಿ ನಮ್ಮದು ಬಹಳ ಮುಂದಿತ್ತು. ಅಷ್ಟರಲ್ಲಿ ಬಿರುಗಾಳಿಗೆ ಚುಕ್ಕಾಣಿಯೇ ಕಳಚಿ ಸಮುದ್ರಕ್ಕೆ ಹೋಯಿತು. ಕ್ಯಾಪ್ಟನ್ ಮೂಡಿ ಹಡಗಿನ ಮೇಲೆಯೇ ಇನ್ನೊಂದು ಚುಕ್ಕಾಣಿ ಮಾಡಿಸತೊಡಗಿದ. ಆ ಹಡಗಿನಲ್ಲಿ ಮಾಲೀಕ ವಿಲ್ಲಿಸನ ಸಹೋದರನೂ ಪ್ರಯಾಣ ಮಾಡುತ್ತಿದ್ದ. ಅವನದು ಒಂದೇ ವರಾತ: ಇದೆಲ್ಲ ಆಗುವ ಕೆಲಸವಲ್ಲ, ಹತ್ತಿರದ ಬಂದರಿಗೆ ತಿರುಗಿಸು. ಕ್ಯಾಪ್ಟನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರಳಾಡುವ ಹಡಗಿನ ಮೇಲೆ ಕುಲುಮೆ ಹೂಡಿ, ಕಬ್ಬಿಣ ಕಾಯಿಸಿ, ಚುಕ್ಕಾಣಿ ಕೂರಿಸಿ, ಥರ್ಮೋಪಿಲಿಗಿಂತ ಒಂದೇ ವಾರ ತಡವಾಗಿ ಲಂಡನ್ ಮುಟ್ಟಿಸಿದ. ಸೋತವನಿಗೇ ಜನ ಹೆಚ್ಚು ಚಪ್ಪಾಳೆ ಹೊಡೆದರು. ನನಗೆ ಇದರಲ್ಲಿ ಹಿಡಿಸಿದ್ದು ಚುಕ್ಕಾಣಿಯಲ್ಲ. ಸಾಗರ ಮಧ್ಯದಲ್ಲೂ ಸಲಹೆ ಕೊಡಲು ಮಾಲೀಕರ ಕಡೆಯ ನೆಂಟನೊಬ್ಬ ಇದ್ದೇ ಇರುತ್ತಾನೆ ಎಂಬುದು.

ಮೈ ಮುಗಿದ ಮೇಲೆ ಹಗ್ಗದ ಕಾಂಡ ಶುರು. ನಿಜದ ಕಟಿ ಸಾರ್ಕ್‌ನಲ್ಲಿ 11 ಮೈಲಿ ಹಗ್ಗವಿತ್ತಂತೆ. 84ರಿಂದ ಭಾಗಿಸಿದರೆ ನನ್ನ ಪಾಲಿಗೆ ಸುಮಾರು 210 ಮೀಟರ್ ದಾರ. ಅದಕ್ಕೆ ಜೇನುಮೇಣ ಉಜ್ಜಬೇಕು, ಇಲ್ಲದಿದ್ದರೆ ನವಿರೆದ್ದು ಹಗ್ಗಕ್ಕೆ ಮೀಸೆ ಬಂದಂತೆ ಕಾಣುತ್ತದೆ. ಕೂವೆಯಿಂದ ಹಡಗಿನ ಅಂಚಿಗೆ ಬಿಗಿದ ಹಗ್ಗಗಳ ಮೇಲೆ ಅಡ್ಡಡ್ಡ ಸಣ್ಣ ಹಗ್ಗ ಕಟ್ಟಿ ಏಣಿ ಮಾಡಬೇಕು. ನಾವಿಕರು ಮೇಲೇರುತ್ತಿದ್ದದ್ದು ಅದನ್ನೇ ತುಳಿದು. ಅಸಲಿನಲ್ಲಿ ಮೆಟ್ಟಿಲಿಂದ ಮೆಟ್ಟಿಲಿಗೆ ಒಂದಡಿ ಚಿಲ್ಲರೆ, ನನ್ನದರಲ್ಲಿ ನಾಲ್ಕು ಮಿಲಿಮೀಟರ್. ಅಡ್ಡ ದಾರ ಉದ್ದ ದಾರವನ್ನು ದಾಟುವಲ್ಲೆಲ್ಲ ಒಂದೊಂದು ಗಂಟು. ಕೈಪಿಡಿ ಇಲ್ಲೂ ಒಂದೇ ವಾಕ್ಯ ಖರ್ಚು ಮಾಡಿದೆ.

ನಾನು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಚಿಮುಟದಲ್ಲಿ ದಾರದ ತುದಿ ಹಿಡಿದು, ಹಿಂದಿನಿಂದ ತಂದು, ಮೇಲೆ ಹಾಯಿಸಿ, ತನ್ನದೇ ಕೆಳಗೆ ತೂರಿಸಿ ಎಳೆಯುತ್ತಿದ್ದೆ. ಅಮ್ಮ ಪಕ್ಕದಲ್ಲಿ ಸಂಜೆಯ ಮಲ್ಲಿಗೆ ಕಟ್ಟುತ್ತ ಕೂತಿದ್ದರು. ಬಹಳ ಹೊತ್ತು ನೋಡಿ, ‘ಇದು ಹೂ ಕಟ್ಟೋ ಗಂಟಲ್ವೇನೋ? ಕೊಡಿಲ್ಲಿ, ಎಷ್ಟು ಮೊಳ ಬೇಕು?’ ಎಂದರು. ಎಡಗೈಯಲ್ಲಿ ದಾರ ಹಿಡಿದು, ಬಲಗೈಯ ಎರಡು ಬೆರಳನ್ನು ಹೀಗೆ ತಿರುವಿದ್ದಷ್ಟೇ, ಕುಣಿಕೆ ತಯಾರು. ಅದನ್ನು ಹಡಗಿನ ಹಗ್ಗಕ್ಕೆ ಇಳಿಬಿಡಲು ಹೋದವರು ನಿಂತರು. ಹೂವಿನ ತೊಟ್ಟಿಗೆ ಒಂದು ತುದಿ ಬಿಡುವಾಗಿರುತ್ತದೆ, ಕುಣಿಕೆ ಅಲ್ಲಿಂದ ಇಳಿಯುತ್ತದೆ. ಹಡಗಿನ ಹಗ್ಗಕ್ಕೆ ಮೇಲೆ ಕೂವೆ, ಕೆಳಗೆ ಮೂರು ತೂತಿನ ಮರದ ಬಿಲ್ಲೆ. ಎರಡೂ ಕಡೆ ಬಂದ್.

‘ಎರಡೂ ತುದಿ ಬಿಗಿದು ಕೂತ್ಕೊಂಡು, ಆಮೇಲೆ ಮಧ್ಯೆ ಗಂಟು ಹಾಕೋದಾ? ಯಾವ ಪುಣ್ಯಾತ್ಮ ಹೇಳ್ಕೊಟ್ಟ ನಿಂಗೆ?’

‘ಬ್ರಿಟಿಷರು ನೂರಾರು ವರ್ಷದಿಂದ ಹೀಗೇ ಕಟ್ಕೊಂಡು ಬಂದಿದ್ದಾರಮ್ಮ.’

‘ಅದಕ್ಕೇ ಬಿಟ್ಟುಹೋದ್ರು’ ಎಂದು ಅಮ್ಮ ಮಲ್ಲಿಗೆಗೆ ಮರಳಿದರು. ಹೋಗುವ ಮುನ್ನ, ಹಲಗೆಗೆ ಎರಡು ಸಾಲು ಮೊಳೆ ಹೊಡೆದು, ಏಣಿಯನ್ನು ಹೊರಗೇ ಕಟ್ಟಿಕೊಂಡು ಆಮೇಲೆ ಹಡಗಿಗೆ ಏರಿಸು ಎಂದು ದಾರಿಯನ್ನೂ ತೋರಿಸಿದ್ದರು. ಹಾಗೆ ಮಾಡುವ ಮಾದರಿಗಾರರು ಜಗತ್ತಿನಲ್ಲಿ ಇದ್ದಾರೆ ಎಂದು ನಾನು ಅವರಿಗೆ ಹೇಳಿಲ್ಲ.

ಮೈಸೂರಿನಲ್ಲಿ ಆಯುಧಪೂಜೆಯ ದಿನ ಯಾವ ವಸ್ತುವೂ ಕುಂಕುಮ ತಪ್ಪಿಸಿಕೊಳ್ಳುವ ಹಾಗಿಲ್ಲ. ಸ್ಕೂಟರು, ಮಿಕ್ಸಿ, ಈಳಿಗೆಮಣೆಯ ಸಾಲಿನಲ್ಲಿ ಹಡಗೂ ಕೂತಿತು. ಅದರ ಮೂತಿಯ ಕೆಳಗೆ ಒಂದು ಹೆಣ್ಣುಗೊಂಬೆ. ಸ್ಕಾಟ್ ಕವಿ ರಾಬರ್ಟ್ ಬರ್ನ್ಸ್‌ನ ‘ಟ್ಯಾಮ್ ಓ ಶಾಂಟರ್’ ಪದ್ಯದಲ್ಲಿ ಬರುವ ನ್ಯಾನಿ ಎಂಬ ಮಾಟಗಾತಿ ಆಕೆ. ಗಿಡ್ಡ ಒಳಅಂಗಿ ತೊಟ್ಟು ಕುದುರೆ ಸವಾರನನ್ನು ಅಟ್ಟಿಸಿಕೊಂಡು ಹೋಗುತ್ತಾಳೆ, ಕೈಗೆ ಸಿಕ್ಕುವುದು ಕುದುರೆಯ ಬಾಲ ಮಾತ್ರ. ಹಡಗಿಗೆ ಹೆಸರು ಬಂದದ್ದೂ ಆ ಅಂಗಿಯಿಂದಲೇ. ಅಮ್ಮ ಕುಂಕುಮದ ಬೆರಳು ಚಾಚಿದವರು, ‘ಕೈಯಲ್ಲೇನೋ ಹಿಡ್ಕೊಂಡಿದ್ದಾಳೆ?’ ಎಂದರು. ಕುದುರೆ ಬಾಲ ಎಂದೆ. ‘ಚಾಮರ ಅನ್ನು ಮತ್ತೆ’ ಎಂದು ಹಣೆಯೆಂದು ತೋಚಿದ ಕಡೆ ಬೊಟ್ಟಿಟ್ಟರು. ಅರಿಶಿನ, ಅಕ್ಷತೆಯೂ ಬಿತ್ತು. ನಿಂಬೆಹಣ್ಣು ಇಡಲು ಚಕ್ರ ಎಲ್ಲಿ ಎಂದಾಗ ಚುಕ್ಕಾಣಿಯ ಚಕ್ರ ತೋರಿಸಿದೆ. ಅದು ನಿಂಬೆಬೀಜಕ್ಕಿಂತ ಕೊಂಚ ದೊಡ್ಡದು. ಹಣ್ಣನ್ನು ಕೊನೆಗೆ ಸ್ಕೂಟರಿಗೇ ಕೊಟ್ಟರು.

ಆ ಮಧ್ಯೆ ಭಾವಮೈದುನ ಒಂದು ವಿಡಿಯೊ ಕಳಿಸಿದ. 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’. ಅಜಂತಾದ ಗೋಡೆಯ ಮೇಲಿನ ಐದನೇ ಶತಮಾನದ ಒಂದು ಚಿತ್ರ ಬಿಟ್ಟರೆ ನಕ್ಷೆಯಿಲ್ಲ, ಕೈಪಿಡಿಯಿಲ್ಲ. ಹಲಗೆಗೆ ಹಲಗೆ ಸೇರಿಸಿ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದ ನಿಜವಾದ ಹಾಯಿಹಡಗು. ಕೆಳಗೆ ಒಂದು ಸಾಲು ಬರೆದಿದ್ದ: ‘ಇವರು ದೊಡ್ಡದನ್ನೇ ಮುಗಿಸಿಬಿಟ್ರು ಭಾವ.’ ಅಮ್ಮ ವಿಡಿಯೊ ನೋಡಿ ಬೇರೆಯದನ್ನು ಗಮನಿಸಿದರು. ಆ ಹಾಯಿಯ ಮೇಲೆ ಗಂಡಭೇರುಂಡವಿತ್ತು. ಅರಮನೆಯ ಊರಿನವರಿಗೆ ಅದಕ್ಕಿಂತ ಇನ್ನೇನು ಬೇಕು? ‘ನೀನೂ ಒಂದು ಬರ್ದುಬಿಡೋ’ ಎಂದರು. ಮಾಟಗಾತಿಯ ಜೊತೆಗೆ ಗಂಡಭೇರುಂಡವೂ ಬಂದರೆ ಗ್ರೀನಿಚ್‌ನವರು ಏನಂದಾರು ಎಂದು ಸುಮ್ಮನಾದೆ.

ನಿಜವಾದ ಕಟಿ ಸಾರ್ಕ್ ಈಗ ಇರುವುದು ಲಂಡನ್ನಿನ ಗ್ರೀನಿಚ್‌ನಲ್ಲಿ. ಚಹಾ ಕೈಬಿಟ್ಟ ಮೇಲೆ ಅದು ಆಸ್ಟ್ರೇಲಿಯಾದ ಉಣ್ಣೆ ಹೊತ್ತು ಹೆಸರು ಮಾಡಿತು. ವುಡ್ಜೆಟ್ ಎಂಬ ಕ್ಯಾಪ್ಟನ್ ಕೈಯಲ್ಲಿ 1889ರಲ್ಲಿ ಬ್ರಿಟಾನಿಯಾ ಎಂಬ ಹೊಗೆಹಡಗನ್ನು ಹಾಯಿ ಬಿಚ್ಚಿ ಹಿಂದೆ ಹಾಕಿದಾಗ ಆ ಕಡೆಯವರು ದಿನಚರಿಯಲ್ಲಿ ಬೆರಗಿನಿಂದ ಬರೆದುಕೊಂಡರು. ಇಷ್ಟೆಲ್ಲ ಸಮುದ್ರ ಗೆದ್ದ ಹಡಗಿಗೆ ಕಂಟಕ ಬಂದದ್ದು ಒಣ ನೆಲದ ಮೇಲೆ. 2007ರ ಮೇ 21ರ ಬೆಳಗಿನ ಜಾವ, ದುರಸ್ತಿಯ ನಡುವೆ ಬೆಂಕಿ ಬಿತ್ತು. ಪುಣ್ಯಕ್ಕೆ ಕೂವೆಗಳನ್ನೂ ಬಹಳಷ್ಟು ಹಲಗೆಗಳನ್ನೂ ಮೊದಲೇ ಬಿಚ್ಚಿ ಬೇರೆಡೆ ಇಟ್ಟಿದ್ದರು. ಗುಡಿಸಲು ತಂದ ದೊಡ್ಡ ವ್ಯಾಕ್ಯೂಮ್ ಕ್ಲೀನರನ್ನು ಆರಿಸದೆ ಬಿಟ್ಟುಹೋದದ್ದೇ ಕಾರಣವಿರಬೇಕು ಎಂದು ತನಿಖೆ ಹೇಳಿತು. ಈ ವರದಿಯನ್ನು ನಾನು ಮನೆಯಲ್ಲಿ ಜೋರಾಗಿ ಓದಿ ಹೇಳಿದ್ದೇನೆ. ಅಂದಿನಿಂದ ನಮ್ಮ ಮನೆಯಲ್ಲಿ ಹಡಗಿನ ಸುತ್ತ ಮೂರಡಿ ಯಾರೂ ಗುಡಿಸುವ ಹಾಗಿಲ್ಲ. ‘ಗುಡಿಸದೆ ಇರೋದಕ್ಕೂ ಲಂಡನ್ನಿನಿಂದ ಆಧಾರ ತರ್ತಾರೆ’ ಎಂದು ಹೆಂಡತಿ ಕೆಲಸದ ಲಕ್ಷ್ಮಮ್ಮನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

ಇನ್ನು ನೋಡಲು ಬರುವವರು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಜೊತೆಯಾಗುವ ಗೆಳೆಯರು ಒಬ್ಬೊಬ್ಬರಾಗಿ ಬಂದು ಕಾಫಿ ಕುಡಿದು ಹಡಗು ನೋಡಿ ಹೋಗಿದ್ದಾರೆ. ಎಲ್ಲರದೂ ಒಂದೇ ಪ್ರಶ್ನೆ: ‘ನೀರಿಗೆ ಬಿಟ್ರೆ ತೇಲುತ್ತಾ ಸಾರ್?’ ತೇಲುವುದಿಲ್ಲ. ಅಡಿಯಲ್ಲಿ ಭಾರವಿಲ್ಲ, ಮೇಲೆ ಕೂವೆಗಳ ಕಾಡು. ಬಿಟ್ಟ ಕ್ಷಣವೇ ಪಕ್ಕಕ್ಕೆ ಮಲಗುತ್ತದೆ, ಆಮೇಲೆ ಫೆವಿಕಾಲ್ ಕರಗುತ್ತದೆ. ಹೀಗೆಂದ ಕೂಡಲೇ ಅವರ ಮುಖದಲ್ಲಿ ಮದುವೆ ಮನೆಗೆ ಹೋದವರಿಗೆ ಊಟವಿಲ್ಲ ಎಂದ ನೋಟ. ಅಸಲಿಯೂ ಈಗ ತೇಲುತ್ತಿಲ್ಲ ಎಂದು ಸಮಜಾಯಿಷಿ ಕೊಡುತ್ತೇನೆ. 2012ರಲ್ಲಿ ಮತ್ತೆ ತೆರೆದಾಗ ಅದನ್ನು ಮೂರು ಮೀಟರಿಗೂ ಹೆಚ್ಚು ಎತ್ತರಕ್ಕೆ ಎತ್ತಿ ನಿಲ್ಲಿಸಿ, ನೀರಿನ ಮಟ್ಟ ಬರಬೇಕಾದಲ್ಲಿ ಸುತ್ತಲೂ ಗಾಜಿನ ಅಲೆ ಹಾಸಿದ್ದಾರೆ. ಕೆಳಗೆ ಹೋಗಿ, ಹಿತ್ತಾಳೆ ಬಣ್ಣದ ಹೊಟ್ಟೆಯಡಿ ಕೂತು ಜನ ಚಹಾ ಕುಡಿಯುತ್ತಾರೆ. ‘ಓಹೋ, ಕ್ಯಾಂಟೀನ್ ಮಾಡಿದ್ದಾರೆ’ ಎಂದರು ಗೆಳೆಯರಲ್ಲೊಬ್ಬರು.

ಗಾಜು ನನಗೂ ಬೇಕಾಗಿತ್ತು. ಹಡಗಿನ ಹಗ್ಗದ ಮೇಲೆ ಕೂತ ದೂಳನ್ನು ತೆಗೆಯುವ ಪೊರಕೆ ಇನ್ನೂ ಹುಟ್ಟಿಲ್ಲ. ಅಳತೆ ಬರೆದುಕೊಂಡು ಗಾಜಿನ ಪೆಟ್ಟಿಗೆ ಮಾಡುವವರನ್ನು ಹುಡುಕಿ ಹೋದೆ. ಮೂರೂವರೆ ಅಡಿ ಉದ್ದ, ಎರಡೂವರೆ ಎತ್ತರ, ಒಂದೂಕಾಲು ಅಗಲ. ಅಂಗಡಿಯವನು ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು ಬರೆದುಕೊಂಡ.

‘ಇಷ್ಟು ಎತ್ತರಕ್ಕೆ ದಪ್ಪ ಗಾಜೇ ಹಾಕ್ಬೇಕು ಸಾರ್. ಗೋಲ್ಡ್ ಫಿಶ್ಶಾ, ಏಂಜಲ್ಲಾ?’

‘ಮೀನಲ್ಲಪ್ಪ. ಹಡಗು.’

‘ಅದಿರ್ಲಿ ಸಾರ್, ಎಲ್ರೂ ಒಳಗೆ ಒಂದು ಹಡಗು ಇಡ್ತಾರೆ, ಮೀನು ತೂರ್ಕೊಂಡು ಆಡ್ತಾವೆ. ಪಂಪು, ಲೈಟು ಎಲ್ಲಾ ಸೇರ್ಸಿ ಹೇಳ್ಲಾ?’

‘ನೀರೇ ಹಾಕಲ್ಲ ಮಾರಾಯ.’

ಅವನು ನನ್ನನ್ನು ಒಮ್ಮೆ, ಅಳತೆಯ ಚೀಟಿಯನ್ನು ಒಮ್ಮೆ ನೋಡಿದ. ಮುಂಗಡ ಎಣಿಸಿ ಗಲ್ಲಾಪೆಟ್ಟಿಗೆಗೆ ಹಾಕಿದ. ಆಮೇಲೆ ಸಮಾಧಾನ ಮಾಡುವ ದನಿಯಲ್ಲಿ, ‘ಆದ್ರೂ ನಾನು ಸಿಲಿಕಾನ್ ಚೆನ್ನಾಗೇ ಹೊಡ್ದಿರ್ತೀನಿ ಸಾರ್. ಒಂದು ವರ್ಷ ಗ್ಯಾರಂಟಿ. ಒಂದು ತೊಟ್ಟು ಲೀಕ್ ಆದ್ರೂ ದುಡ್ಡು ವಾಪಸ್’ ಎಂದ.